ಜಯಮ್ಮ ಕಂಡ ನೀರುನಾಯಿ

ಜಯಮ್ಮ, ಅದು ನಾಯಿಯ ಹೆಜ್ಜೆಯಾಗಿರಲಿಲ್ಲ. ನೀರುನಾಯಿಯದೇ ಆಗಿತ್ತು. ಫೋಟೊ ನೋಡಿದ ಕ್ಷಣವೇ ನನಗೆ ಗೊತ್ತಾಗಿತ್ತು — ಗೊತ್ತಿದ್ದೂ ಸುಳ್ಳು ಬರೆದೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಹೇಮಾವತಿಯ ಜೀವಿಗಳನ್ನು ಜನರ ಕಣ್ಣಿನಿಂದಲೇ ಗುರುತಿಸಬೇಕೆಂದು ಯಾರೋ ಸಂಶೋಧಕರು ಇಂಟರ್‌ನೆಟ್ಟಿನಲ್ಲಿ ಒಂದು ಆಟ ಶುರುಮಾಡಿದ್ದರು. ಹಕ್ಕಿಯೋ ಆಮೆಯೋ ಕಂಡರೆ ಹೊಳೆಯ ನಕ್ಷೆಯ ಮೇಲೆ ಚುಕ್ಕೆ ಇಟ್ಟು ಹೆಸರು ಬರೆಯಬೇಕು, ಫೋಟೊ ಇದ್ದರೆ ಸೇರಿಸಬೇಕು. ಸರಿಯಾದರೆ ಚುಕ್ಕೆ ಹಸಿರು, ಅಂಕವೂ ಉಂಟು, ತಪ್ಪಾದರೆ ಕೆಂಪು. ನಮ್ಮ ತಾಲ್ಲೂಕಿನಲ್ಲಿ ಸರಿತಪ್ಪು ಹೇಳುವ ಅಧಿಕಾರ ನನ್ನದು. ಅಂಕಗಳ ಪಟ್ಟಿಯ ಮೊದಲ ಹೆಸರೂ ನನ್ನದೇ. ಅದನ್ನು ನೋಡಲೆಂದೇ ದಿನಾ ಸೈಬರ್ ಸೆಂಟರಿಗೆ ಹೋಗುತ್ತಿದ್ದೆ.

ನಿಮ್ಮನ್ನು ಆ ಆಟಕ್ಕೆ ಕರೆತಂದವನೂ ನಾನೇ. ಮಗಳನ್ನು ಶಾಲೆಗೆ ಸೇರಿಸಲು ಬಂದ ನೀವು, ನಿಮ್ಮ ಗದ್ದೆ ಹೊಳೆದಂಡೆಯಲ್ಲೇ ಇದೆ ಅಂದಿರಿ. ಸೈಬರ್ ಸೆಂಟರಿಗೆ ಕರೆದೊಯ್ದು, ಕಂಪ್ಯೂಟರಿನ ಮುಂದೆ ಕೂರಿಸಿ ಮೌಸ್ ಹಿಡಿಯಲು ಕಲಿಸಿದೆ. ಎಷ್ಟು ಹೆಮ್ಮೆಪಟ್ಟಿದ್ದೆ! ಮೂರೇ ತಿಂಗಳು — ನಿಮ್ಮ ಹೆಸರು ಮೇಲೆ, ನನ್ನದು ಕೆಳಗೆ. ನಾನು ಪುಸ್ತಕ ತಿರುವಿ ತಡಕಾಡುವ ಹಕ್ಕಿಯನ್ನು ನೀವು ಕಳೆ ಕೀಳುತ್ತಲೇ ಗುರುತಿಸುತ್ತಿದ್ದಿರಿ. ನನ್ನ ವಿದ್ಯಾರ್ಥಿಗಳು ನಿಮ್ಮನ್ನು ಮುತ್ತಿಕೊಂಡು, "ಜಯಮ್ಮಾರೆ, ಇದ್ಯಾವ್ ಹಕ್ಕಿ?" ಅನ್ನುವರು. ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಿದ್ದ ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಆ ಹೊಟ್ಟೆಯುರಿ… ಏನೆಂದು ಹೇಳಲಿ, ಊಟ ಕೂಡ ಸೇರುತ್ತಿರಲಿಲ್ಲ.

ಆಮೇಲೆ ಆ ಫೋಟೊ. ತಮ್ಮನ ಕ್ಯಾಮೆರಾ ಕೇಳಿ ತಂದು, ಒಂದೇ ಚಿತ್ರಕ್ಕಾಗಿ ಇಡೀ ರೀಲು ತೊಳೆಸಿ, ಸ್ಕ್ಯಾನ್ ಮಾಡಿಸಿ ಹಾಕಿದ್ದಿರಿ. ಒದ್ದೆ ಮರಳು, ಐದು ಬೆರಳು, ಬೆರಳುಗಳ ನಡುವೆ ತೆಳುಚರ್ಮದ ಗುರುತು. ನೀರುನಾಯಿಗಾಗಿ ನಾನು ವರ್ಷಗಟ್ಟಲೆ ದಂಡೆ ಅಲೆದಿದ್ದೆ. ಒಂದು ಹೆಜ್ಜೆಯೂ ಕಂಡಿರಲಿಲ್ಲ. ಚುಕ್ಕೆಯನ್ನು ಕೆಂಪು ಮಾಡಿದೆ. ಎಲ್ಲರೂ ಓದುವಂತೆ ಬರೆದೆ — "ನಾಯಿಯ ಹೆಜ್ಜೆ. ಗೊತ್ತಿಲ್ಲದ್ದನ್ನು ಹಾಕಬಾರದು."

ಮರುವಾರ ನೀವು ಸೈಬರ್ ಸೆಂಟರಿಗೆ ಬಂದಿರಿ. ಜಗಳಕ್ಕಲ್ಲ, ತಿಳಿದುಕೊಳ್ಳಲು.

"ಐದು ಬೆರಳು ಅವೆಯಲ್ಲ ಸಾ… ನಾಯ್ ಕಾಲು ಊರುದ್ರೆ ನಾಕೇ ಅಲ್ವಾ ಮೂಡೋದು?"

ಹುಡುಗರೆಲ್ಲ ನನ್ನ ಮುಖ ನೋಡುತ್ತಿದ್ದರು. ಸರಿಪಡಿಸಲು ಅರೆಗಳಿಗೆ ಸಾಕಿತ್ತು. ನಾನು ಅಂದೆ: "ಜಯಮ್ಮ, ಇದು ವಿಜ್ಞಾನ. ಓದಿದವರಿಗೆ ಬಿಡಿ."

"ಆಯ್ತು ಬುಡಿ ಸಾ. ನನ್ ಕಣ್ಣೇ ತಪ್ಪಿರ್ಬೋದು," ಅಂದು ಹೊರಟಿರಿ. ಮತ್ತೆ ಬರಲಿಲ್ಲ. ಪಟ್ಟಿಯ ತುದಿಗೆ ನನ್ನ ಹೆಸರು ವಾಪಸು ಬಂತು — ಅಂದು ನನಗೆ ಖುಷಿಯೇ ಆಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಹೊಳೆಯುದ್ದಕ್ಕೂ ನೀರುನಾಯಿಯ ಹಸಿರು ಚುಕ್ಕೆ ಇದ್ದ ಕಡೆಗೆ ಸಂಶೋಧಕರು ಸಮೀಕ್ಷೆಗೆ ಬಂದರು. ಕೆಂಪು ಚುಕ್ಕೆಯ ನಿಮ್ಮ ದಂಡೆಗೆ ಹೋಗಲಿಲ್ಲ, ಅದನ್ನು ಕಾಪಾಡಿ ಎಂದು ಬರೆಯುವವರೂ ಇರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅಲ್ಲಿ ಮರಳಿನ ಲಾರಿಗಳು ಇಳಿದವು. ನಾನು ಕದ್ದು ಹೋಗಿ ನೋಡಿದಾಗ ದಂಡೆಯೇ ಇರಲಿಲ್ಲ, ಬರೀ ಹೊಂಡಗಳು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಬಸ್ಸಿನಲ್ಲಿ. ಎಷ್ಟೋ ವರ್ಷದ ಮೇಲೆ ಸಿಕ್ಕವರು ನೀವೇ ಎದ್ದು ಸೀಟು ಕೊಟ್ಟಿರಿ. ಮಗಳ ವಿಷಯ ಕೇಳಿದೆ. "ಪ್ರಾಣಿಶಾಸ್ತ್ರ ಓದ್ತೀನಿ ಅಂತ ಅಳ್ತಿದ್ಲು ಸಾ. ನಾನೇ ಬ್ಯಾಡ ಅಂದೆ. ನಮ್ಗದೆಲ್ಲ ತಿಳಿಯಕಿಲ್ಲ ಅಂತ ನೀವು ಅವತ್ತೇ ಹೇಳಿದ್ರಲ್ಲ, ಒಳ್ಳೇದೇ ಆಯ್ತು," ಅಂದಿರಿ. ಮಾತಿನಲ್ಲಿ ಕೊಂಕಿರಲಿಲ್ಲ. ನಾನು ಹೌದೆಂದು ತಲೆಯಾಡಿಸಿದೆ.

ಆ ಆಟ ನಿಂತುಹೋಗಿದೆ, ತಿದ್ದಲು ನಕ್ಷೆಯೂ ಇಲ್ಲ. ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಮಗಳೂ ಇರಲಿ. ಅವಳ ಎದುರಿಗೇ ಹೇಳುತ್ತೇನೆ, ಅವಳ ತಾಯಿಯ ಬಗ್ಗೆ ನನಗೆ ಹೊಟ್ಟೆಕಿಚ್ಚಿತ್ತು ಎಂದು. ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಏನಂದರೂ ಕೇಳಿಸಿಕೊಂಡು ನಿಂತಿರುತ್ತೇನೆ.