ನಂಬರ್ ಒಂದರಿಂದ ನೂರರವರೆಗೆ

ಮದ್ದೂರು ತಾಲ್ಲೂಕಿನ ಕೊಪ್ಪದ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಆರು ಮತ್ತು ಏಳನೆಯ ತರಗತಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮಂಡ್ಯದಿಂದ ದಿನಾ ಬಸ್ಸು. ಪದ ಕಲಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಮೊನ್ನೆ ಮೊನ್ನೆಯವರೆಗೂ ಇತ್ತು. ಅದು ಇಳಿದದ್ದು ಹೇಗೆಂದು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ.

ಮದ್ದೂರಿನಲ್ಲಿ ಶಾಲೆಗಳ ನಡುವೆ ಇಂಗ್ಲಿಷ್ ಪದಗಳ ಸ್ಪರ್ಧೆ ಇಟ್ಟರು. ನೂರು ಪದಗಳ ಪಟ್ಟಿಯನ್ನು ಮೊದಲೇ ಕಳಿಸಿದ್ದರು. ಅದರಲ್ಲಿ ಯಾವುದಾದರೂ ಹತ್ತನ್ನು ನಂಬರ್ ಹಾಕಿ ಹೇಳುತ್ತಾರೆ, ಮಕ್ಕಳು ತಪ್ಪಿಲ್ಲದೆ ಬರೆಯಬೇಕು. ನಾನು ಪಟ್ಟಿಯನ್ನು ಗೋಡೆಗೆ ಅಂಟಿಸಿ, ದಿನಾ ಬೆಳಿಗ್ಗೆ ಅಕ್ಷರ ಬಿಡಿಸಿ ಬಿಡಿಸಿ ಕೂಗಿಸಿದೆ. ಆಮೇಲೆ ಡಿಕ್ಟೇಷನ್. 'ನಂಬರ್ ಒನ್' ಎಂದು ಗಟ್ಟಿಯಾಗಿ ಹೇಳಿ ಪಟ್ಟಿಯ ಮೊದಲ ಪದ ಓದುವುದು, 'ನಂಬರ್ ಟೂ' ಎಂದು ಅದರ ಕೆಳಗಿನದು. ನಾನು ಕಲಿತದ್ದೂ ಹಾಗೇ, ನಮ್ಮ ಮೇಷ್ಟ್ರು ಕಲಿತದ್ದೂ ಹಾಗೇ ಇರಬೇಕು. ತಿಂಗಳು ಕಳೆಯುವಷ್ಟರಲ್ಲಿ ಹುಡುಕಿದರೂ ತಪ್ಪು ಸಿಗುತ್ತಿರಲಿಲ್ಲ.

ಏಳನೆಯ ತರಗತಿಯ ಒಬ್ಬ ಹುಡುಗಿ ಎಲ್ಲರಿಗಿಂತ ಮುಂದು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಾಗಲೂ ಬಾಯಲ್ಲಿ ಸ್ಪೆಲಿಂಗು. ಅವಳ ತಾಯಿ ಒಮ್ಮೆ ಸಿಕ್ಕಾಗ, "ಎಮ್ಮೆ ಕರೆಯೋವಾಗ್ಲೂ ಅದ್ನೇ ಒದರ್ತಾಳೆ ಮೇಡಮ್ಮೋರೆ. ನಮ್ಮೆಮ್ಮೆನೂ ಪಾಸಾಯ್ತದೆ ಬುಡಿ" ಎಂದು ನಕ್ಕಿದ್ದರು. ಸ್ಪರ್ಧೆಗೆ ಅವಳನ್ನೇ ಕರೆದುಕೊಂಡು ಹೋದೆ.

ಬರೆದು ಮುಗಿಸಿ ಮೊದಲು ಹೊರಬಂದವಳು ಅವಳೇ. ನಾನು ಬೀಗುತ್ತಿದ್ದೆ. ಅಷ್ಟರಲ್ಲಿ ತೀರ್ಪುಗಾರರು ನನ್ನನ್ನು ಒಳಗೆ ಕರೆದು ಅವಳ ಹಾಳೆ ತೋರಿಸಿದರು. ಹತ್ತು ಪದ, ಮುತ್ತು ಪೋಣಿಸಿದ ಹಾಗೆ, ಒಂದಕ್ಷರ ತಪ್ಪಿಲ್ಲ. ಆದರೆ ಅವರು ಹೇಳಿದ್ದ ಹತ್ತರಲ್ಲಿ ಒಂದೂ ಅಲ್ಲಿರಲಿಲ್ಲ. ಪಟ್ಟಿಯ ಮೊದಲ ಹತ್ತು ಪದಗಳು ಸಾಲಾಗಿ ಕೂತಿದ್ದವು.

"ಚೀಟಿ ತಂದು ನೋಡಿ ಇಳಿಸಿದ್ದಾಳೆ ಅನ್ಸುತ್ತೆ ಮೇಡಂ" ಎಂದರು.

ಅಷ್ಟು ಜನ ಮೇಷ್ಟ್ರುಗಳ ಮುಂದೆ ಮುಖ ಎಲ್ಲಿಟ್ಟುಕೊಳ್ಳಲಿ? ಬಸ್‌ಸ್ಟ್ಯಾಂಡಿನವರೆಗೂ ಹಲ್ಲು ಕಚ್ಚಿಕೊಂಡಿದ್ದು, ಅಲ್ಲಿ ಹುಡುಗಿಯ ಊರಿನ ನಾಲ್ಕು ಜನ ನಿಂತಿರುವುದನ್ನೂ ನೋಡದೆ, "ನನ್ನ ಮಾನ ಕಳೆದೆಯಲ್ಲೇ ಕಳ್ಳಿ" ಎಂದುಬಿಟ್ಟೆ. ಹುಡುಗಿ ತಲೆ ಎತ್ತಲಿಲ್ಲ. ತಪ್ಪು ಮಾಡಿದವಳು ಇನ್ನೇನು ಮಾಡುತ್ತಾಳೆ ಎಂದುಕೊಂಡೆ.

ಸೋಮವಾರ ಅವಳು ಶಾಲೆಗೆ ಬರಲಿಲ್ಲ. ಮಕ್ಕಳ ಬಾಯಲ್ಲಿ ಆಗಲೇ 'ಚೀಟಿ ಕಳ್ಳಿ' ಎಂಬ ಹೆಸರು ಓಡಾಡುತ್ತಿತ್ತು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಮಿಕ್ಕವರ ಬಂಡವಾಳವನ್ನೂ ನೋಡೇಬಿಡೋಣ ಎಂದು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದೆ. 'ನಂಬರ್ ಒನ್' ಎಂದು ನೂರನೆಯ ಪದ, 'ನಂಬರ್ ಟೂ' ಎಂದು ತೊಂಬತ್ತೊಂಬತ್ತನೆಯದು. ಹತ್ತು ಪದವಾದ ಮೇಲೆ ಪುಸ್ತಕ ತರಿಸಿ ನೋಡಿದೆ. ಅಷ್ಟೂ ಮಕ್ಕಳು ಪಟ್ಟಿಯ ಮೊದಲ ಹತ್ತು ಪದಗಳನ್ನೇ ಬರೆದಿದ್ದರು, ಒಂದಕ್ಷರ ತಪ್ಪಿಲ್ಲದೆ.

"ನಾನು ಹೇಳಿದ್ದೇನು, ನೀವು ಬರೆದಿರೋದೇನು?" ಎಂದು ಕಿರುಚಿದೆ.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ನೀವ್ ನಂಬರ್ ಅಂದೇಟ್ಗೆ ಬರ್ಯಕ್ ಸುರು ಮಾಡ್ತೀವಿ ಮಿಸ್. ಆಮ್ಯಾಕೆ ನೀವ್ ಏನಂತೀರೋ ಕೇಳಿಸ್ಕಳಕಿಲ್ಲ."

"'ನೈಬರ್' ಅಂದ್ರೆ ಯಾರು?"

"ನಂಬರ್ ಸಿಕ್ಸ್ ಮಿಸ್!" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು.

ಇಷ್ಟು ವರ್ಷ ನನ್ನ ಕೈಯಲ್ಲಿ ಕಲಿತು ಹೋದವರೆಲ್ಲ ಹೀಗೇ ಹೋದರೇ? ನಾನೊಬ್ಬಳೇ ಪಾಠ ಓದಿಕೊಳ್ಳುತ್ತಿದ್ದೆನೇ? ಅಂದೇ ತೀರ್ಪುಗಾರರಿಗೆ ಫೋನ್ ಮಾಡಿ ನಡೆದದ್ದು ಹೇಳಿದರೆ, "ಹೋಗ್ಲಿ ಬಿಡಿ, ಮುಗೀತಲ್ಲ" ಎಂದರು. ಊರಿನಲ್ಲಿ ಅದು ಮುಗಿದಿರಲಿಲ್ಲ.

ಮರುದಿನ ಮೊದಲ ಬಸ್ಸು ಹಿಡಿದು ನೇರ ಡೈರಿಗೆ ಹೋದೆ. ತಾಯಿ, ಮಗಳು ಇಬ್ಬರೂ ಸಾಲಿನಲ್ಲಿದ್ದರು. ಎಲ್ಲರಿಗೂ ಕೇಳುವ ಹಾಗೆ, "ನಿಮ್ಮ ಮಗಳು ಏನೂ ಕದ್ದಿಲ್ಲ, ನಾನು ಕಲಿಸಿದ್ದೇ ತಪ್ಪು" ಎಂದೆ.

ತಾಯಿ ಈ ಸಲ ನಗಲಿಲ್ಲ. "ಡೈರಿಗೂ ಬರಕಿಲ್ಲ ಅಂತ ಕುಂತಿದ್ಲು, ಇವತ್ತು ಎಳ್ಕಬಂದಿವ್ನಿ. ನನ್ಗ್ಯಾಕ್ ಯೋಳ್ತೀರ, ಅವಳ್ಗೇ ಯೋಳಿ."

ನಾನು ಹುಡುಗಿಯ ಕಡೆ ತಿರುಗಿದೆ. ಕ್ಷಮಿಸು ಎನ್ನಲು ಹೋದವಳ ಬಾಯಿಂದ ಬಂದದ್ದೇ ಬೇರೆ. "ಕದ್ದಿಲ್ಲ ಅಂತ ಅವತ್ತೇ ಒಂದು ಮಾತು ಹೇಳಬಾರದಿತ್ತೇನಮ್ಮ?"

ಅವಳು ಕ್ಯಾನಿನ ಮುಚ್ಚಳವನ್ನೇ ನೋಡುತ್ತಾ ಹೇಳಿದಳು. "ನೀವ್ ಕೇಳ್ನೇ ಇಲ್ವಲ್ಲ ಮಿಸ್. ಕಳ್ಳಿ ಅಂದೇಬುಟ್ರಿ."