ರೇಡಿಯೇಟರಿಗೆ ಕಟ್ಟಿದ ಒದ್ದೆ ಸೀರೆ

ಆ ಕಾಲದಲ್ಲಿ ಸಂಡೂರಿನ ನಮ್ಮ ಓಣಿಗೆ ಬಿಳಿ ಬಣ್ಣವೆಂಬುದು ಅಂಗಡಿಯಲ್ಲಷ್ಟೇ ಇರುವ ಸಂಗತಿಯಾಗಿತ್ತು. ಬಿಳಿ ಅಂಗಿಯನ್ನು ಮನೆಗೆ ತಂದು ಒಮ್ಮೆ ಒಗೆದು ಹಗ್ಗಕ್ಕೆ ಹಾಕಿದರೆ ಸಾಕು, ಅದು ಹಣ್ಣಾದ ಪೇರಲದ ಒಳಬಣ್ಣಕ್ಕೆ ತಿರುಗುತ್ತಿತ್ತು. ಅದಿರಿನ ಲಾರಿಗಳು ಒಂದರ ಬಾಲವನ್ನು ಇನ್ನೊಂದು ಕಚ್ಚಿಕೊಂಡಂತೆ ಮನೆ ಮುಂದಿನ ರಸ್ತೆಯಲ್ಲಿ ಸಾಗುತ್ತಿದ್ದ ದಿನಗಳವು. ನಿಮ್ಮ ಬಾಲ್ಯವೂ ಈ ಸೀಮೆಯಲ್ಲಿ ಕಳೆದಿದ್ದರೆ ಆ ಧೂಳಿನ ವಾಸನೆಯನ್ನು ನಾನು ವಿವರಿಸಬೇಕಾಗಿಲ್ಲ: ಬೆವರಿದ ಅಂಗೈಯಲ್ಲಿ ಬಹಳ ಹೊತ್ತು ಹಿಡಿದುಕೊಂಡ ನಾಣ್ಯದ ವಾಸನೆ. ಕುಂಟಾಬಿಲ್ಲೆಯ ಮನೆ ಬರೆಯಲು ನಮಗೆ ಸುಣ್ಣದ ತುಂಡು ಬೇಕಿರಲಿಲ್ಲ. ಕಟ್ಟೆಯ ಮೇಲೆ ಬೆರಳು ಎಳೆದರೆ ಗೆರೆ ತಾನಾಗಿ ಮೂಡುತ್ತಿತ್ತು.

ಈ ಧೂಳಿಗೆ ನಮ್ಮ ಅಜ್ಜಿ ಕಂಡುಕೊಂಡಿದ್ದ ಮದ್ದು ಒಂದೇ. ಬೆಳಿಗ್ಗೆ ಎದ್ದವಳೇ ಹಳೆಯ ನೂಲಿನ ಸೀರೆಗಳನ್ನು ನೀರಿನಲ್ಲಿ ಅದ್ದಿ, ಹಿಂಡಿ, ಬಾಗಿಲಿಗೂ ಕಿಟಕಿಗೂ ಇಳಿಬಿಡುತ್ತಿದ್ದಳು. "ರಸ್ತೆ ಕಡೆ ಮುಖ ಇದ್ದದ್ದಕ್ಕೆಲ್ಲ ಒದ್ದಿ ಅರಿವಿ ಕಟ್ಟಬೇಕು" ಎಂಬುದು ಅವಳ ಶಾಸ್ತ್ರ. ಮಧ್ಯಾಹ್ನದ ಹೊತ್ತಿಗೆ ಆ ಸೀರೆಗಳು ಧೂಳು ಕುಡಿದು ಕೆಸರಿನಂತೆ ಭಾರವಾಗುತ್ತಿದ್ದವು. ಅವನ್ನು ಜಾಲಾಡಿಸಿದ ಕೆಂಪು ನೀರಿನಲ್ಲಿ ಅಂಗೈ ಅದ್ದಿ ಹಿತ್ತಲ ಗೋಡೆಯ ಮೇಲೆ ಮುದ್ರೆ ಒತ್ತುವುದು ನನ್ನ ಆಟ.

ನನಗೆ ಹತ್ತು ತುಂಬಿದ ಬೇಸಿಗೆಯ ಮಾತು. ಬಾಣಂತನಕ್ಕೆಂದು ಕಂಪ್ಲಿಯ ತವರಿಗೆ ಹೋಗಿದ್ದ ಅವ್ವ, ತಮ್ಮನಿಗೆ ಐದು ತಿಂಗಳಾದರೂ ಮರಳಿರಲಿಲ್ಲ. "ಆ ಧೂಳಾಗ ಎಳೀ ಕೂಸು ಎತ್ಕೊಂಡು ನಾ ಬರಂಗಿಲ್ಲ. ಲಾರಿ ದಾರಿ ಬದ್ಲಾಗಲಿ, ಮರುದಿನಾನ ಬರ್ತೀನಿ" ಎಂದು ಫೋನಿನಲ್ಲಿ ಅಪ್ಪನಿಗೆ ಖಡಾಖಂಡಿತವಾಗಿ ಹೇಳಿದ್ದಳು. ಅಪ್ಪ ಮದುವೆಗಳ ವಿಡಿಯೊ ತೆಗೆಯುವವನು. ಮನೆಯ ಮುಂದಿನ ಕೋಣೆಯೇ ಅವನ ಮಿಕ್ಸಿಂಗ್ ರೂಮು. ತೆಗೆದ ದೃಶ್ಯಗಳನ್ನು ಕತ್ತರಿಸಿ ಜೋಡಿಸಿ ಹಾಡು ಕೂಡಿಸುವುದು ಅಲ್ಲಿಯೇ. ಆ ಬೇಸಿಗೆಯಲ್ಲಿ ಮಾತ್ರ ಅವನು ಮದುವೆಗಳನ್ನು ಬಿಟ್ಟು ಓಣಿ ಓಣಿ ಅಲೆದು ಧೂಳನ್ನೇ ಚಿತ್ರಿಸಿದ: ಕೆಂಪಾದ ಕುಡಿಯುವ ನೀರಿನ ಕೊಡ, ಶಾಲೆಯ ಬಿಸಿಯೂಟದ ತಟ್ಟೆ, ಸೀರೆ ಹಿಂಡುವ ನಮ್ಮ ಅಜ್ಜಿಯ ಕೈ. ಲಾರಿಗಳು ಊರೊಳಗೆ ಬರಬೇಕೆ, ಬೇರೆ ದಾರಿ ಹಿಡಿಯಬೇಕೆ ಎಂದು ಕೇಳಲು ಸೋಮವಾರ ಅಧಿಕಾರಿಗಳು ಸಾರ್ವಜನಿಕ ಅಹವಾಲು ಸಭೆ ಕರೆದಿದ್ದರು. ಅಷ್ಟರೊಳಗೆ ವಿಡಿಯೊ ಸಿದ್ಧವಾಗಬೇಕಿತ್ತು.

ಕಂಪ್ಯೂಟರು ಒಪ್ಪಲಿಲ್ಲ. ಅರ್ಧ ದಾರಿಗೆ ಬಂದೊಡನೆ ಕಾದು, ಉಸಿರುಗಟ್ಟಿ ಆರಿಹೋಗುತ್ತಿತ್ತು. ಅದಕ್ಕಿಂತ ಹಿಂದಿನದೂ ಹಾಗೆಯೇ ಸತ್ತಿತ್ತು. ಹೊಸಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಪ್ಪನ ಗೆಳೆಯ ಖಾಜಾ ಮಾಮ ಅದರ ಹೊಟ್ಟೆ ಬಿಚ್ಚಿ ಫ್ಯಾನಿನಿಂದ ಮುಷ್ಟಿಯಷ್ಟು ಕೆಂಪು ಹುಡಿ ತೆಗೆದು, "ಅಣ್ಣಾ, ಇದು ಕಂಪ್ಯೂಟರಲ್ಲ, ಗಣಿ. ಇದಕ್ಕೂ ಲೈಸೆನ್ಸ್ ಮಾಡಿಸಿಬಿಡು" ಎಂದಿದ್ದ. ಕೊನೆಗೆ, "ಈ ಸಲ ಹೊಸಾದಕ್ಕ ನೀರಿನ ಕೂಲರ್ ಹಾಕೂನು" ಎಂದು ತೀರ್ಮಾನಿಸಿದ.

ಭಾನುವಾರ ಬೆಳಗಿನ ಬಸ್ಸಿಗೆ ಖಾಜಾ ಮಾಮ ಬಂದಿಳಿದಾಗ ಹೊಸ ಕಂಪ್ಯೂಟರಿನ ಪೆಟ್ಟಿಗೆಯನ್ನು ಕೂಸಿನಂತೆ ಎದೆಗವಚಿಕೊಂಡಿದ್ದ. ಅವನು ಕೂಲರನ್ನು ಬಿಚ್ಚಿ ಹರಡಿದಾಗ ನಾವೆಲ್ಲ ಸುತ್ತ ಕುಳಿತೆವು. ಎರಡು ಕಪ್ಪು ಕೊಳವೆ, ಒಂದು ತುದಿಗೆ ತಾಮ್ರದ ತಳದ ಗುಂಡು ಬಿಲ್ಲೆ, ಇನ್ನೊಂದು ತುದಿಗೆ ಜಾಲರಿಯಂಥ ಉದ್ದನೆಯ ಚೌಕಟ್ಟು, ಅದಕ್ಕೆ ಬಿಗಿಯಲು ಎರಡು ಫ್ಯಾನು. ಅಜ್ಜಿ ಹೌಹಾರಿದಳು.

"ಏ ಖಾಜಾ, ಕರೆಂಟಿನ ಬಾಜೂಕ ನೀರು ಇಡ್ತೀಯಲ್ಲೋ, ತಲಿ ನೆಟ್ಟಗ ಐತಿಲ್ಲೋ?"

"ಅಮ್ಮಾರ, ನಿಮ್ಮ ಮನಿ ಮುಂದ ಹೋಗೋ ಲಾರಿಗೆ ರೇಡಿಯೇಟರ್ ಇರತೈತಿಲ್ರಿ? ಇದು ಅದರ ಮರಿ. ಬಿಸಿ ನೀರು ಈ ಕೊಳವಿಯಾಗ ಬರತೈತಿ, ಫ್ಯಾನಿನ ಗಾಳಿಗೆ ತಣ್ಣಗಾಗಿ ವಾಪಸ್ ಹೋಗತೈತಿ."

"ದಿನಾ ನೀರು ಹಾಕಬೇಕೇನು?"

"ಒಳಗ ತುಂಬಿ ಮುಚ್ಚ್ಯಾರ್ರೀ. ನೀವು ಮಾತ್ರ ತಂಬಿಗಿ ತಗೊಂಡು ಬರಬ್ಯಾಡ್ರಿ!"

ತಾಮ್ರದ ಮೇಲಿನ ತೆಳು ಪ್ಲಾಸ್ಟಿಕ್ಕನ್ನು ಕೀಳುವ ಗೌರವವನ್ನು ಮಾಮ ನನಗೆ ಕೊಟ್ಟ. ಕಿತ್ತಾಗ ಅದರಲ್ಲಿ ನನ್ನ ಮುಖ ಕೆಂಪಗೆ ಹೊಳೆಯಿತು. ಕಾವೆಲ್ಲ ಹುಟ್ಟುವ ಪ್ರೊಸೆಸರ್ ಚಿಪ್ಪಿನ ನಡುವೆ ಅವನು ಬಟಾಣಿ ಕಾಳಿನಷ್ಟು ಬೂದು ಪೇಸ್ಟು ಇಟ್ಟಾಗ ಅಜ್ಜಿ, "ಇಷ್ಟು ದೊಡ್ಡ ಪೂಜಾಕ್ಕ ಇಷ್ಟ ಏನು ವಿಭೂತಿ?" ಎಂದಳು. "ಉಪ್ಪಿದ್ದಂಗ ಅಮ್ಮಾರ, ಹೆಚ್ಚಾದ್ರ ಕೆಡತೈತಿ" ಎಂದು ಮಾಮ ಬಿಲ್ಲೆಯನ್ನು ಒತ್ತಿ, ನಾಲ್ಕು ಮೂಲೆಯ ಸ್ಕ್ರೂಗಳನ್ನು ಒಂದಿಷ್ಟು ಇದನ್ನು, ಒಂದಿಷ್ಟು ಅದನ್ನು ತಿರುಗಿಸುತ್ತ ಬಿಗಿದ. ಜಾಲರಿಯನ್ನು ಪೆಟ್ಟಿಗೆಯ ಮುಂಭಾಗಕ್ಕೆ, ಹೊರಗಿನ ಗಾಳಿ ಒಳಗೆ ಎಳೆಯುವಂತೆ ಕೂರಿಸಿದ. ಸ್ವಿಚ್ಚು ಹಾಕಿದಾಗ ಕೊಳವೆಗೆ ಕಿವಿಯಿಟ್ಟೆ. ಅರೆತುಂಬಿದ ಕೊಡವನ್ನು ಸೊಂಟಕ್ಕೇರಿಸಿದಾಗ ಆಗುವ ಸಣ್ಣ ಸದ್ದು ಕೇಳಿಸಿ, ಆಮೇಲೆ ಮೌನ. ಹಳೆಯ ಯಂತ್ರ ತೊಂಬತ್ತು ಡಿಗ್ರಿ ದಾಟಿ ಸಾಯುತ್ತಿತ್ತು. ಇದು ಐವತ್ತರಲ್ಲಿ ಹಾಯಾಗಿ ಕುಳಿತಿತ್ತು. ಅಜ್ಜಿ ಒಗ್ಗರಣೆ ಮಂಡಕ್ಕಿ ಕಲೆಸಿದಳು, ಬಿಸಿ ಮಿರ್ಚಿ ಬಂದವು. ಮಾಮನ ಮೀಸೆಗೆ ಅಂಟಿದ ಹುರಿಗಡಲೆ ಹಿಟ್ಟು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ತುಣುಕುಗಳನ್ನೆಲ್ಲ ಒಂದೇ ಚಿತ್ರವಾಗಿ ಬೆಸೆಯುವ ರೆಂಡರಿಂಗಿಗೆ ವಿಡಿಯೊವನ್ನು ಹಾಕಿ, ಅಪ್ಪ ಎದ್ದು ನನಗೆ ಹೇಳಿದ: "ಲೀಲಾ, ಇದು ಐದು ತಾಸು ಓಡಬೇಕು. ಖಾಜಾನ್ನ ಬಸ್ ಹತ್ತಿಸಿ, ನಾಳಿ ಸಭಾಕ್ಕ ಬರ್ರಿ ಅಂತ ನಾಕು ಮಂದಿಗೆ ಹೇಳಿ ಬರ್ತೀನಿ. ಯಾರೂ ಮುಟ್ಟಬ್ಯಾಡ್ರಿ."

ಅವರು ಹೋದ ಸ್ವಲ್ಪ ಹೊತ್ತಿಗೆ ಲಾರಿಗಳ ಸಾಲು ಶುರುವಾಯಿತು. ಕಿಟಕಿಯ ಸೀರೆ ಒಣಗಿತ್ತು. ನೋಡನೋಡುತ್ತಿದ್ದಂತೆ ಹೊಸ ಜಾಲರಿಯ ಕಪ್ಪಿನ ಮೇಲೆ ಕೆಂಪು ನವಿರು ಮೂಡಿತು. ಹಿಂದೆ ಸತ್ತ ಎರಡೂ ಯಂತ್ರಗಳು ನೆನಪಾದವು; ಇದೂ ಸತ್ತರೆ ವಿಡಿಯೊ ಇಲ್ಲ, ವಿಡಿಯೊ ಇಲ್ಲದಿದ್ದರೆ ತಮ್ಮ ಬರುವುದಿಲ್ಲ. ಅಜ್ಜಿಯ ಸೀರೆಯ ತುಂಡೊಂದನ್ನು ಅದ್ದಿ, ಹನಿಯೂ ಬೀಳದಂತೆ ಮೂರು ಸಲ ಹಿಂಡಿ, ನನ್ನ ಜಡೆಯ ರಿಬ್ಬನ್ನು ಬಿಚ್ಚಿ ಜಾಲರಿಯ ಮೇಲೆ ಬಿಗಿಯಾಗಿ ಕಟ್ಟಿದೆ. ಒಳಗೆ ಬಂದ ಅಜ್ಜಿ ನೋಡಿ ಹಿಗ್ಗಿದಳು.

"ಭೇಷ್ ನನ್ನವ್ವ! ಖಾಜಾನಂಥ ಶ್ಯಾಣ್ಯಾಗ ಹೊಳೀಲಾರದ್ದು ನಿನಗ ಹೊಳೀತು ನೋಡು."

ಬಟ್ಟೆ ಜಾಲರಿಗೆ ಕಚ್ಚಿಕೊಂಡು, ಉಸಿರೆಳೆಯುವ ಕೆನ್ನೆಯಂತೆ ಒಳಸರಿಯಿತು. ಧೂಳು ಬಂದು ಕೂತು ಕೆಸರಾಯಿತು. ಫ್ಯಾನುಗಳು ಮೊದಲು ಗುನುಗಿ, ಆಮೇಲೆ ಚೀರತೊಡಗಿದವು. ಏನೆಂದು ನೋಡುವಷ್ಟರಲ್ಲಿ ಪರದೆ ಕಪ್ಪಾಯಿತು.

ಅಪ್ಪ ಬಂದವನು ಹೊಸ್ತಿಲಲ್ಲೇ ನಿಂತ. "ಇದನ್ನ ಯಾರು ಮಾಡಿದ್ರು?"

"ನಾನು" ಎಂದಳು ಅಜ್ಜಿ, ನಾನು ಬಾಯಿ ತೆರೆಯುವ ಮೊದಲೇ. "ನಾನ ಹೇಳಿ ಕಟ್ಟಿಸೀನಿ. ಬಡಿಯೋದಿದ್ರ ನನ್ನ ಬಡಿ."

"ಅಲ್ಲಪ್ಪಾ, ನಾನು. ಅಜ್ಜಿ ಬರೋಕಿಂತ ಮೊದ್ಲ ಕಟ್ಟಿದ್ದೆ."

"ಸುಮ್ನಿರಲೇ, ದೊಡ್ಡೋರು ಮಾತಾಡುವಾಗ!"

"ರಿಬ್ಬನ್ ನಂದೈತಿ ನೋಡು ಅಪ್ಪಾ!"

ಕೋಪದಿಂದ ಬಿಗಿದಿದ್ದ ಅಪ್ಪನ ಮುಖ ಆ ರಿಬ್ಬನ್ನು ನೋಡಿ ಸಡಿಲವಾಯಿತು. ಬಟ್ಟೆ ಬಿಚ್ಚಿದ. ಫ್ಯಾನುಗಳು ಗಾಳಿ ಎಳೆದ ಎರಡು ಕಡೆಯಲ್ಲಿ ಅದಿರು ಕೂತು, ಸೀರೆಯ ಮೇಲೆ ಎರಡು ಕೆಂಪು ವರ್ತುಲಗಳು ಅಚ್ಚೊತ್ತಿದ್ದವು. ಒಂದು ತಾಸಿನ ಧೂಳು! ಅದನ್ನೇ ನೋಡುತ್ತ ಖಾಜಾ ಮಾಮನಿಗೆ ಫೋನು ಮಾಡಿದ. ಬಸ್ಸಿನ ಗದ್ದಲದ ನಡುವೆ ಮಾಮ ಕೂಗಿದ್ದು ನಮಗೂ ಕೇಳಿಸಿತು: "ನೀರಿದ್ರೇನಣ್ಣಾ, ಉಸಿರೂ ಬೇಕಲ್ಲ ಅದಕ್ಕ! ಅರಿವಿ ತಗಿ, ಆರಲಿ, ಮತ್ತ ಹಚ್ಚು."

ಮತ್ತೆ ಹಚ್ಚಿದೆವು. ಈ ಸಲ ಯಂತ್ರಕ್ಕಲ್ಲ, ಕೋಣೆಯ ಬಾಗಿಲು ಕಿಟಕಿಗಳಿಗೆ ಎರಡೆರಡು ಪದರ ಸೀರೆ ಇಳಿಬಿಟ್ಟು, ಒಣಗುವ ಮೊದಲೇ ಅಜ್ಜಿ ಅದ್ದಿಕೊಡುವುದು, ನಾನು ಕಟ್ಟುವುದು. ಸಂಜೆ ದೀಪ ಹಚ್ಚುವ ಹೊತ್ತಿಗೆ ವಿಡಿಯೊ ಮುಗಿಯಿತು. ಅಜ್ಜಿ ಕಂಪ್ಯೂಟರಿಗೆ ದೃಷ್ಟಿ ತೆಗೆದಳು.

ಮರುದಿನದ ಸಭೆಗೆ ಅಪ್ಪ ನನ್ನನ್ನೂ ಕರೆದೊಯ್ದ. ವೇದಿಕೆಯ ಮೇಲೆ ಬಿಳಿ ಹೊದಿಕೆಯ ಮೇಜು, ಪರದೆ, ಪ್ರೊಜೆಕ್ಟರು. ನಮ್ಮ ಸರದಿ ಬಂದಾಗ, "ಟೈಮಿಲ್ಲ, ಸಿಡಿ ಕೊಟ್ಟು ಹೋಗ್ರಿ, ನೋಡ್ತೀವಿ" ಎಂದರು. ಅಪ್ಪ ಸಿಡಿ ಕೊಟ್ಟ. ಆಮೇಲೆ ಚೀಲದಿಂದ ಆ ಸೀರೆಯ ತುಂಡನ್ನು ತೆಗೆದು ಮೇಜಿನ ಮೇಲೆ ಹಾಸಿದ. ಮನೆಯಲ್ಲಿ ನಮ್ಮನ್ನು ಕೇಳಿದ ಪ್ರಶ್ನೆಯನ್ನೇ ಅಲ್ಲಿಯೂ ಕೇಳಿದ.

"ಇದನ್ನ ಯಾರು ಮಾಡಿದ್ರು ಸಾರ್?"

ಒಬ್ಬ ಅಧಿಕಾರಿ ತನ್ನ ಕಡತವನ್ನು ಪಕ್ಕಕ್ಕೆ ಎಳೆದುಕೊಂಡು, "ಅದನ್ನ ತಗೀರಿ, ಪೇಪರಿಗೆ ಹತ್ತತೈತಿ" ಎಂದ. ಅಷ್ಟೇ ಅಹವಾಲು. ಕಾಗದಕ್ಕೆ ಕಲೆಯಾದೀತೆಂಬ ಆ ಆತಂಕದಲ್ಲಿ ನೂರರಲ್ಲೊಂದು ಪಾಲು ನಮ್ಮ ಮಕ್ಕಳ ಎದೆಗೂಡಿನ ಬಗೆಗೆ ಇದ್ದಿದ್ದರೆ, ನಾನು ಇಂದು ಇದನ್ನು ಬರೆಯಬೇಕಾಗಿರಲಿಲ್ಲ.

ಲಾರಿಗಳು ಆಮೇಲೂ ಬಹಳ ಕಾಲ ಅದೇ ರಸ್ತೆಯಲ್ಲಿ ಸಾಗಿದವು. ಈಗ ಅಜ್ಜಿಯಿಲ್ಲ. ಬಾಗಿಲಿಗೆ ಇಳಿಬಿಡುತ್ತಿದ್ದ ನೂಲಿನ ಸೀರೆಗಳೂ ಇಲ್ಲ. ಹಿತ್ತಲ ಗೋಡೆಯ ಮೇಲಿನ ನನ್ನ ಅಂಗೈ ಮುದ್ರೆಗಳು ಸುಣ್ಣದಡಿಗೆ ಹೋದವು. ಆ ಕೂಲರು ಅಟ್ಟದ ಮೇಲಿದೆ. ಒಳಗಿನ ನೀರು ಆರಿದೆಯೇನೋ, ಅಲುಗಿಸಿದರೆ ಸದ್ದು ಬರುವುದಿಲ್ಲ. ಕೊಟ್ಟ ಸಿಡಿ ಏನಾಯಿತೆಂದು ಕಳೆದ ವರ್ಷ ಲಿಖಿತವಾಗಿ ಕೇಳಿದೆ. "ಕಡತದಲ್ಲಿ ಲಭ್ಯವಿಲ್ಲ" ಎಂಬ ಎರಡು ಪದಗಳ ಉತ್ತರ ಬಂತು; ಕೆಳಗೆ ಸಹಿಯಿತ್ತು, ಸಹಿಯ ಕೆಳಗೆ ಹೆಸರಿರಲಿಲ್ಲ. ಹೆಸರು ಕೇಳಿ ಮತ್ತೊಂದು ಅರ್ಜಿ ಹಾಕಿದ್ದೇನೆ.

ನಮ್ಮ ಮನೆಯಲ್ಲಿ ಒಂದು ಚೂರು ಬಟ್ಟೆಯ ತಪ್ಪಿಗೆ "ನಾನು" ಎನ್ನಲು ಇಬ್ಬರು ಜಗಳಕ್ಕೆ ನಿಂತಿದ್ದರು, ಅವರಲ್ಲೊಬ್ಬಳಿಗೆ ಹತ್ತೇ ವರ್ಷ. ವೇದಿಕೆಯ ಮೇಲಿನವರಲ್ಲಿ ಆ ಒಂದು ಪದ ಯಾರ ಬಾಯಿಂದಲೂ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ನನ್ನ ತಮ್ಮ ನಡೆಯಲು ಕಲಿತದ್ದು ಕಂಪ್ಲಿಯಲ್ಲಿ. ಊರವರ ಮಕ್ಕಳ ಮದುವೆಗಳನ್ನೆಲ್ಲ ಚಿತ್ರಿಸಿಟ್ಟ ಅಪ್ಪನ ಬಳಿ ಆ ಮೊದಲ ಹೆಜ್ಜೆಯ ಒಂದು ತುಣುಕೂ ಇಲ್ಲ.