ಬಲಕ್ಕೆ ತಲೆಯಿಟ್ಟ ಬಂಗಡೆ

ಮಂಕಿಯ ಕಡಲ ದಂಡೆಯಲ್ಲಿ, ಬಲೆಯಿಂದ ಸುರಿದ ಮೀನನ್ನು ಜಾತಿಜಾತಿಯಾಗಿ ವಿಂಗಡಿಸುವುದರಲ್ಲಿ ಕಮಲಿಯ ಕಣ್ಣನ್ನು ಮೀರಿಸಿದವರಿರಲಿಲ್ಲ. ಎಂಬತ್ತಮೂರನೆಯ ಇಸವಿಯಲ್ಲಿ ಕುಮಟೆಯ ಮಹಾಬಲನು ಆ ಕಣ್ಣನ್ನೇ ಅರಸಿಕೊಂಡು ಬಂದನು. ಮುಂಬಯಿಯಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆತನು, ಫೋಟೊ ನೋಡಿ ಮೀನಿನ ಜಾತಿಯನ್ನು ಗುರುತಿಸುವ ವಿದ್ಯೆಯನ್ನು ಗಣಕಯಂತ್ರಕ್ಕೆ ಕಲಿಸಹೊರಟಿದ್ದನು. ಎರಡು ವರ್ಷ ಕಮಲಿ ಹಲಗೆಯ ಮೇಲೆ ಮೀನಿಟ್ಟು ಹೆಸರು ಹೇಳಿದಳು. ಅವನು ಫೋಟೊ ತೆಗೆದು ಬರೆದುಕೊಂಡನು. ಕೂಲಿ ಬೇಡ, ಅಚ್ಚಿನಲ್ಲಿ ತನ್ನ ಹೆಸರೂ ಇರಲಿ ಎಂದಳು. ಆಗಲೆಂದು ಅವನು ಮಾತು ಕೊಟ್ಟನು.

ಮಹಾಬಲನ ಲೇಖನವು ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಹೊನ್ನಾವರದ ಕಾಲೇಜಿನಲ್ಲಿ ಓದುತ್ತಿದ್ದ ಮಗಳು ದೇವಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದಳು. ಕ್ಯಾಮೆರಾ ಕೊಟ್ಟ ಗೆಳೆಯನಿಗೂ ಅದರಲ್ಲಿ ಕೃತಜ್ಞತೆಯಿತ್ತು; ತಾಯಿಯ ಹೆಸರಿರಲಿಲ್ಲ. ಮೀನುಗಳನ್ನೆಲ್ಲ ಸಂಶೋಧಕನೇ ಗುರುತಿಸಿದನೆಂದು ಬರೆದಿತ್ತು. ಕಮಲಿಯ ಮೈಯೆಲ್ಲ ಉರಿದುಹೋಯಿತು.

ಲೇಖನದಲ್ಲಿ ಮೀನಿನ ಚಿತ್ರಗಳಿದ್ದವು. ಒಂದೊಂದಕ್ಕೂ ತಲೆ ಎಡಕ್ಕೆ. ಬಾಲ ಹಿಡಿದೆತ್ತಿ ತಲೆಯನ್ನು ಎಡಕ್ಕೆ ಮಾಡಿ ಇಡುವುದು ಅವಳ ಕೈಯ ರೂಢಿ. ಈ ಚಿತ್ರಗಳಿಂದಲೇ ಕಲಿತ ಯಂತ್ರವು ತಲೆ ಬಲಕ್ಕಾಗಿ ಮಲಗಿದ ಮೀನನ್ನು ಕಂಡೇ ಇಲ್ಲವೆಂಬುದು ಅವಳಿಗೆ ಹೊಳೆಯಿತು.

ಮುಂದಿನ ಮಾಗಿಯಲ್ಲಿ, ಯಂತ್ರವನ್ನು ಪರೀಕ್ಷಿಸಲು ಬೇಕಾದ ಫೋಟೊಗಳನ್ನು ತಾವೇ ತೆಗೆಯಲು ಮಹಾಬಲನ ಮಾರ್ಗದರ್ಶಕರು ಬಂದರು. ಮೀನಿನ ಹೆಸರನ್ನು ಸುಳ್ಳು ಹೇಳಿದರೆ ಅನ್ನವಿತ್ತ ಗಂಗಾಮಾತೆಗೆ ದ್ರೋಹ. ಆದುದರಿಂದ ಕಮಲಿ ನಿಜವಾದ ಹೆಸರುಗಳನ್ನೇ ಹೇಳಿದಳು. ಮೀನುಗಳನ್ನು ಮಾತ್ರ ತಲೆ ಬಲಕ್ಕೆ ಮಾಡಿ ಇಟ್ಟಳು. ಪಕ್ಕದಲ್ಲೇ ನಿಂತಿದ್ದ ಮಹಾಬಲನಿಗೆ ಬಂಗಡೆ ಬಂಗಡೆಯಾಗಿಯೇ ಕಂಡಿತು.

ಗಣಕವು ಬಂಗಡೆಯನ್ನು ತಾರ್ಲೆಯೆಂದಿತು. ತಾರ್ಲೆಯನ್ನು ಮೀನೇ ಅಲ್ಲವೆಂದಿತು. ಪದವಿಗೆ ತಡೆ ಬಿತ್ತು. ಮಹಾಬಲನು ಬಸ್ಸಿಳಿದವನೇ ದಂಡೆಗೆ ಬಂದನು.

"ಎಂತ ತಪ್ಪಾತು ಕಮಲಕ್ಕ? ನಿಂಗೆ ಗೊತ್ತದೆ."

"ಗೊತ್ತದೆ. ಮೊದ್ಲು ನನ್ ಹೆಸ್ರು ಹಾಕ್ಸ್ಕಂಡು ಬಾ."

ತಿಂಗಳೊಳಗೆ ಅವನು ತನ್ನ ಮಹಾಪ್ರಬಂಧದ ಮೊದಲ ಪುಟವನ್ನು ತಂದನು. ಮೀನುಗಳನ್ನು ಗುರುತಿಸಿದವರು ಮಂಕಿಯ ಕಮಲಿ ಎಂದು ದೇವಿ ಓದಿದಳು. ಕಮಲಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಆ ಅಕ್ಷರಗಳನ್ನು ಮುಟ್ಟಿ ನೋಡಿದಳು. ಹಾಳೆಯನ್ನು ಮಡಚಿ ಮಗಳಿಗೆ ಕೊಟ್ಟಳು.

"ಈಗ ಹೇಳು ಅಕ್ಕ."

"ಎಲ್ಲ ನೀನೇ ಗುರ್ತು ಹಿಡ್ದೆ ಅಂತ ಬರ್ದಿದ್ಯಲ್ಲ ತಮ್ಮ. ಇದ್ನೂ ಹಿಡಿ."

ಅವನು ಬೇಡಿದನು, ಬೈದನು, ಸಂಜೆಯ ಬಸ್ಸಿಗೆ ಹೋದನು. ಪದವಿ ದೊರೆತುದು ಎಂಬತ್ತೊಂಬತ್ತರಲ್ಲಿ. ಸುದ್ದಿ ತಂದ ದೇವಿಯನ್ನು ಕಮಲಿ ಕೇಳಿದ್ದು ಒಂದೇ ಮಾತು: ಇಷ್ಟು ಬೇಗ ಗೊತ್ತಾಯಿತೇ ಅವನಿಗೆ?